ಬಿನ್ನವತ್ತಳೆಯಲ್ಲಿಲ್ಲದ ಹೆಸರು



ಮೇ ತಿಂಗಳು ಬಂತೆಂದರೆ ಗುರುಗಳಿಗೆ ವರ್ಗಾವಣೆಯ ಕಾಲ. ಹಳಬರಿಗೆ ಬೀಳ್ಕೊಡುಗೆ, ಹೊಸಬರಿಗೆ ಸ್ವಾಗತ. ಹಲವು ಕಡೆ ಇವೆರಡೂ ಒಂದೇ ಶಾಮಿಯಾನದ ಕೆಳಗೆ, ವಾರದ ಅಂತರದಲ್ಲಿ, ಒಬ್ಬರ ಕಂಠದಿಂದಲೇ ನಡೆದುಹೋಗುತ್ತವೆ. ಗಂಧದ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕೊನೆಗೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ನಾನೂ ಇಂಥ ಬಿನ್ನವತ್ತಳೆಗಳನ್ನು ಸ್ವೀಕರಿಸಿದ್ದೇನೆ. ಈಗ ಅವು ಆಲ್ಕೊಳದ ನನ್ನ ಕೋಣೆಯ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿವೆ. ಎಸೆಯಲು ಮನಸ್ಸಾಗದು, ತೂಗುಹಾಕಲು ನಾಚಿಕೆ.

ಅದೇ ಕಪಾಟಿನೊಳಗೆ ಇನ್ನೊಂದು ಸಂಗ್ರಹವಿದೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವ, ನೂತನ ದೇವಾಲಯದ ಆಶೀರ್ವಚನ ಎಂದು ಬೇರೆ ಬೇರೆ ಧರ್ಮಕೇಂದ್ರಗಳು, ಬೇರೆ ಬೇರೆ ಧರ್ಮಕ್ಷೇತ್ರಗಳು ಹೊರತಂದ ಸ್ಮರಣ ಸಂಚಿಕೆಗಳು. ಸಾಗರ ರಸ್ತೆಯ ಮೇಲೆ ಮಳೆ ಬಿಡದೆ ಸುರಿಯುತ್ತಿದ್ದ ಒಂದು ವಾರ ಹೊರಗೆ ಹೋಗಲಾಗದೆ, ಅವನ್ನೆಲ್ಲ ಕೆಳಗಿಳಿಸಿ ಒಂದಾದ ಮೇಲೊಂದರಂತೆ ಓದಿದೆ. ಗುರುಮಠದಲ್ಲಿ ನಮಗೆ ಪವಿತ್ರ ಗ್ರಂಥವನ್ನು ಓದುವ ಕ್ರಮವನ್ನು ಕಲಿಸಿದ್ದರು: ಇದು ಯಾವ ಪ್ರಕಾರದ ಬರಹ, ಯಾರು ಯಾರಿಗೆ ಬರೆದದ್ದು, ಏನು ಹೇಳಿದೆ, ಏನು ಬಿಟ್ಟಿದೆ. ಆ ಪ್ರಶ್ನೆಗಳನ್ನು ನಮ್ಮದೇ ಬರಹಗಳಿಗೆ ಕೇಳಬಾರದೆಂದು ಯಾರೂ ಹೇಳಿರಲಿಲ್ಲ. ಹೀಗೆ ಓದಿದಾಗ ಕಂಡದ್ದನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ಇದು ಸಾಹಿತ್ಯ ವಿಮರ್ಶೆ ಎನಿಸಿಕೊಳ್ಳಬಲ್ಲುದೋ ಇಲ್ಲವೋ ನಾನರಿಯೆ. ಆದರೆ ಕರ್ನಾಟಕದ ಕಥೋಲಿಕರಾದ ನಾವು ಹೆಚ್ಚಾಗಿ ಬರೆದಿರುವ ಗದ್ಯ ಯಾವುದೆಂದು ಕೇಳಿದರೆ, ಪ್ರಬೋಧನೆಯನ್ನು ಬಿಟ್ಟರೆ ಬಹುಶಃ ಇದೇ. ಇದಕ್ಕೊಬ್ಬ ವಿಮರ್ಶಕ ಇದುವರೆಗೆ ದೊರೆತಂತಿಲ್ಲ.

ಈ ಸಂಚಿಕೆಗಳ ರಚನೆ ಬಹುಮಟ್ಟಿಗೆ ಒಂದೇ. ಮೊದಲು ಸಂದೇಶಗಳು, ಅವುಗಳ ಪಕ್ಕದಲ್ಲಿ ಭಾವಚಿತ್ರಗಳು. ಬಳಿಕ ಧರ್ಮಕೇಂದ್ರದ ಇತಿಹಾಸ. ಅದರ ಕೊನೆಯಲ್ಲಿ ಒಂದು ಪಟ್ಟಿ: ಸೇವೆ ಸಲ್ಲಿಸಿದ ಗುರುಗಳ ಹೆಸರು, ಇಂಥ ವರ್ಷದಿಂದ ಇಂಥ ವರ್ಷದವರೆಗೆ. ನಂತರ ಧರ್ಮಭಗಿನಿಯರ ಮಠ, ಶಾಲೆ, ಸಂಘಗಳ ವರದಿ, ದಾನಿಗಳ ಹೆಸರುಗಳು, ಜಾಹೀರಾತುಗಳು. ದಾನಿಗಳ ಹೆಸರು ಅಕಾರಾದಿಯಾಗಿ ಇರುವುದಿಲ್ಲ, ಮೊತ್ತದ ಇಳಿಕೆಯ ಕ್ರಮದಲ್ಲಿರುತ್ತದೆ. ವಿಧವೆಯ ಎರಡು ಕಾಸನ್ನು ಎಲ್ಲರಿಗಿಂತ ಮೇಲೆ ಎಣಿಸಿದ ಪ್ರಭುವಿನ ಅನುಯಾಯಿಗಳು ನಾವು. ಆದರೂ ಆ ವಿಧವೆಯನ್ನು ಹುಡುಕಬೇಕಾದರೆ ಕೊನೆಯ ಪುಟಕ್ಕೆ ಹೋಗಬೇಕು.

ಅದಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇತಿಹಾಸದ ಪುಟಗಳ ವ್ಯಾಕರಣ. ಅಲ್ಲಿನ ವಾಕ್ಯಗಳಿಗೆ ಒಬ್ಬನೇ ಕರ್ತೃ. ಸ್ವಾಮಿಗಳು ಜಾಗ ಕೊಂಡರು, ಸ್ವಾಮಿಗಳು ಬಾವಿ ತೋಡಿಸಿದರು, ಸ್ವಾಮಿಗಳು ದೇವಾಲಯ ಕಟ್ಟಿದರು. ಕಲ್ಲು ಹೊತ್ತವರು, ಮಣ್ಣು ಕಲಸಿದವರು, ತೊಲೆಗೆಂದು ಮರ ಕೊಟ್ಟವರು 'ಭಕ್ತಾದಿಗಳ ಸಹಕಾರದೊಂದಿಗೆ' ಎಂಬ ಒಂದೇ ಪದಗುಚ್ಛದೊಳಗೆ ಮುದುಡಿ ಕುಳಿತಿದ್ದಾರೆ. ಕನ್ನಡದ 'ಒಂದಿಗೆ' ಎಂಬ ಪುಟ್ಟ ಪದಕ್ಕೆ ಇಷ್ಟೊಂದು ಜನರನ್ನು ಹೊರುವ ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕ್ರಿಯಾಪದಗಳನ್ನು ಗಮನಿಸಿ. ಗುರುಗಳು ಬಂದರೆ 'ದಯಮಾಡಿಸಿದರು' ಅಥವಾ 'ಆಗಮಿಸಿದರು'. ಇದ್ದರೆ 'ಸೇವೆ ಸಲ್ಲಿಸಿದರು'. ಅದೇ ಪುಟದಲ್ಲಿ ಅಪರೂಪಕ್ಕೆ ಉಪದೇಶಿಯ ಪ್ರಸ್ತಾಪ ಬಂದರೆ, ಆತನನ್ನು 'ನೇಮಿಸಲಾಯಿತು', ಆತ 'ಕೆಲಸಕ್ಕಿದ್ದ'. ಗುರುವಿನದು ಸೇವೆ, ಉಪದೇಶಿಯದು ಕೆಲಸ. ಗುರುವಿಗೆ ಬಹುವಚನ, ಮೂವತ್ತು ವರ್ಷ ಅದೇ ಊರಿನಲ್ಲಿ ಮಕ್ಕಳಿಗೆ ಜಪ ಕಲಿಸಿದ ಹಿರಿಯನಿಗೆ, ಹಳೆಯ ಸಂಚಿಕೆಗಳಲ್ಲಂತೂ, ಏಕವಚನ. ಗುರುವಿನ ಅವಧಿ ಮೂರು ವರ್ಷವಾಗಿರಬಹುದು, ಐದಾಗಿರಬಹುದು. ಪಟ್ಟಿಯಲ್ಲಿರುವವರು ಬಂದು ಹೋದವರು, ಉಳಿದವರಿಗೆ ಪಟ್ಟಿಯಿಲ್ಲ.

ಉಪದೇಶಿ ಎಂದರೆ ಯಾರೆಂದು ಈಗಿನ ತರುಣ ಓದುಗರಿಗೆ ವಿವರಿಸಬೇಕಾದೀತು. ಶಿವಮೊಗ್ಗ ಧರ್ಮಕ್ಷೇತ್ರ ರೂಪುಗೊಂಡದ್ದು 1988ರ ನವೆಂಬರ್ 14ರಂದು. ಅದಕ್ಕೆ ಮೊದಲು ಈ ಭಾಗ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿತ್ತು; 1963ರಲ್ಲಿ ಆ ಧರ್ಮಕ್ಷೇತ್ರ ಆಗುವುದಕ್ಕೂ ಮೊದಲು ಮೈಸೂರಿನ ಧರ್ಮಾಧ್ಯಕ್ಷರ ಆಡಳಿತದಲ್ಲಿತ್ತು. ಒಬ್ಬ ಗುರುವಿಗೆ ಒಂದು ತಾಲ್ಲೂಕಿಗಿಂತ ದೊಡ್ಡ ಪ್ರದೇಶ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, ಮುಂದೆ ಕಾಗದದ ಕಾರ್ಖಾನೆ ಬಂತು. ಲಕ್ಕವಳ್ಳಿಯಲ್ಲಿ ಭದ್ರೆಗೆ, ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದರು. ಕೆಲಸ ಹುಡುಕಿ ಬಂದ ತಮಿಳು, ತೆಲುಗು, ಕೊಂಕಣಿ, ಮಲೆಯಾಳದ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದರು. ಗುರುಗಳು ತಿಂಗಳಿಗೊಮ್ಮೆಯೋ ಹಬ್ಬಕ್ಕೊಮ್ಮೆಯೋ ಬರುತ್ತಿದ್ದ ಕಡೆಗಳಲ್ಲಿ ಉಳಿದ ದಿನಗಳೆಲ್ಲ ಉಪದೇಶಿಯವು. ಸಂಜೆ ಜಪಸರ ನಡೆಸುವವರು ಅವರು, ಮಕ್ಕಳನ್ನು ಪರಮಪ್ರಸಾದಕ್ಕೆ ಸಿದ್ಧಪಡಿಸುವವರು ಅವರು, ನಡುರಾತ್ರಿ ಯಾರಾದರೂ ಕೊನೆಯುಸಿರೆಳೆಯುತ್ತಿದ್ದರೆ ತಲೆದಿಂಬಿನ ಬಳಿ ಕುಳಿತು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಸುವವರು ಅವರು. ಬೆಳಗಾದರೆ ಗುಂಡಿ ತೋಡಲು ಆಳುಗಳನ್ನು ಕರೆಯುವವರೂ ಅವರೇ. ಭಾಷೆ ತಿಳಿಯದ ಗುರುವಿಗೆ ದುಭಾಷಿ. ಊರು ತಿಳಿಯದ ಗುರುವಿಗೆ ದಾರಿ.

ನಮ್ಮ ಜಿಲ್ಲೆಯ ಮಹಾಕವಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಜೀವರತ್ನಯ್ಯನೆಂಬ ಪಾದ್ರಿ ಬರುತ್ತಾನೆ. ಬೈಸಿಕಲ್ಲನ್ನೇ ಕಾಣದ ಮಲೆನಾಡಿನ ಕಾಡುದಾರಿಯಲ್ಲಿ ಬೈಸಿಕಲ್ ಏರಿ ಬಂದವನು. ಪ್ರೊಟೆಸ್ಟೆಂಟ್ ಮಿಷನ್ನಿಗೆ ಸೇರಿದವನು, ನಮ್ಮವನಲ್ಲ. ಕುವೆಂಪು ಅವನ ಉದ್ದೇಶಗಳನ್ನು ಒಪ್ಪುವವರೂ ಅಲ್ಲ. ಹೊರಗಿನಿಂದ, ತುಸು ನಗುತ್ತ, ತುಸು ಅನುಮಾನದಿಂದ ಅವನನ್ನು ನೋಡುತ್ತಾರೆ. ಆದರೂ ಅವನಿಗೊಂದು ಹೆಸರು ಕೊಟ್ಟರು, ಒಂದು ವಾಹನ ಕೊಟ್ಟರು, ಕಾದಂಬರಿಯ ವಿಶಾಲ ಲೋಕದಲ್ಲಿ ಓಡಾಡಲು ಎಡೆ ಕೊಟ್ಟರು. ಒಪ್ಪದವರು ಕೊಟ್ಟಷ್ಟನ್ನೂ ಒಪ್ಪಿದ ನಾವು ನಮ್ಮ ಸಂಚಿಕೆಗಳಲ್ಲಿ ಕೊಡಲಿಲ್ಲ ಎಂಬುದು ಓದುತ್ತ ಹೋದಂತೆ ನನ್ನನ್ನು ಚುಚ್ಚಿತು.

ಬಿನ್ನವತ್ತಳೆಗಳಿಗೆ ಪ್ರಿಯವಾದ ಒಂದು ಬೈಬಲ್ ಪ್ರಸಂಗವಿದೆ. ವಿಮೋಚನಕಾಂಡದ 17ನೆಯ ಅಧ್ಯಾಯದ್ದು. ಅಮಾಲೇಕ್ಯರೊಡನೆ ಯುದ್ಧ. ಮೋಶೆ ಗುಡ್ಡದ ಮೇಲೆ ಕೈಯೆತ್ತಿದ್ದಷ್ಟು ಹೊತ್ತು ಇಸ್ರಯೇಲರಿಗೆ ಮೇಲುಗೈ, ಇಳಿಸಿದರೆ ಸೋಲು. ಕೈ ಸೋತಾಗ ಆರೋನನೂ ಹೂರನೂ ಎರಡು ಬದಿಯಲ್ಲಿ ನಿಂತು ಆ ಕೈಗಳನ್ನು ಸೂರ್ಯ ಮುಳುಗುವವರೆಗೆ ಎತ್ತಿಹಿಡಿದರು. ಇದನ್ನು ಹೇಳಿ, 'ಹಾಗೆಯೇ ನಾವೂ ತಮ್ಮ ಕೈಗಳನ್ನು ಬಲಪಡಿಸುತ್ತೇವೆ' ಎಂದು ಓದುಗ ಗುರುಗಳತ್ತ ತಿರುಗಿ ನಮಸ್ಕರಿಸುತ್ತಾನೆ, ಚಪ್ಪಾಳೆ. ಸುಂದರವಾದ ಹೋಲಿಕೆ, ಸಂದೇಹವಿಲ್ಲ. ಆದರೆ ಆ ಪ್ರಸಂಗವನ್ನು ನಿಧಾನವಾಗಿ ಓದಿದವರಿಗೆ ಒಂದು ಸಣ್ಣ ವಿವರ ಕಾಣುತ್ತದೆ. ಕೈ ಹಿಡಿಯುವುದಕ್ಕೆ ಮೊದಲು ಅವರು ಒಂದು ಕಲ್ಲು ತಂದು ಮೋಶೆಯ ಕೆಳಗಿಟ್ಟು ಅವನನ್ನು ಕೂರಿಸಿದರು. ಆ ಮುದುಕನಿಗೆ ಮೊದಲು ಬೇಕಾಗಿದ್ದದ್ದು ಕೂರಲು ಒಂದು ಕಲ್ಲು ಎಂದು ಅವರಿಗೆ ಹೊಳೆಯಿತು. ಅವರಿಬ್ಬರೂ ಅಂದು ಒಂದು ಮಾತನ್ನಾದರೂ ಆಡಿದರೆಂದು ಗ್ರಂಥ ಹೇಳುವುದಿಲ್ಲ.

ಅದರ ಮುಂದಿನ, 18ನೆಯ ಅಧ್ಯಾಯವನ್ನು ಯಾವ ಬಿನ್ನವತ್ತಳೆಯಲ್ಲೂ ನಾನು ಕಾಣಲಿಲ್ಲ. ಅಲ್ಲಿ ಮೋಶೆಯ ಮಾವ ಇತ್ರೋ ಬರುತ್ತಾನೆ. ಮಿದ್ಯಾನಿನ ಯಾಜಕ, ಇಸ್ರಯೇಲನಲ್ಲ, ಹೊರಗಿನವನು. ಬೆಳಗಿನಿಂದ ಸಂಜೆಯ ತನಕ ಮೋಶೆಯೊಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುವುದನ್ನೂ ಜನರು ನಿಂತೇ ಇರುವುದನ್ನೂ ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಜನರನ್ನೂ ಬಳಲಿಸುತ್ತೀ ಎಂಬರ್ಥದ ಮಾತನ್ನು ನೇರವಾಗಿ ಹೇಳುತ್ತಾನೆ. ಹೊರೆಯನ್ನು ಹಂಚಿಕೊಳ್ಳುವ ಕ್ರಮವನ್ನೂ ತಿಳಿಸುತ್ತಾನೆ. ಮೋಶೆ ಕೇಳುತ್ತಾನೆ, ಹಾಗೆಯೇ ಮಾಡುತ್ತಾನೆ. ಇತ್ರೋ ತನ್ನ ನಾಡಿಗೆ ಹಿಂದಿರುಗುತ್ತಾನೆ; ಅವನಿಗೆ ಶಾಲು ಹೊದಿಸಲಿಲ್ಲ. ಕೈ ಎತ್ತಿಹಿಡಿದವರ ಅಧ್ಯಾಯವನ್ನೂ ತಪ್ಪು ತೋರಿಸಿದವನ ಅಧ್ಯಾಯವನ್ನೂ ಪವಿತ್ರ ಗ್ರಂಥ ಒಂದರ ಪಕ್ಕ ಒಂದನ್ನಿಟ್ಟಿದೆ. ನಾವು ಮಾತ್ರ ನಡುವೆ ಪುಟ ಮಗುಚುವುದನ್ನು ನಿಲ್ಲಿಸಿದೆವು.

ಇಂಥ ಪ್ರಸಂಗ ಕನ್ನಡದ ಪರಂಪರೆಗೆ ಹೊಸದೂ ಅಲ್ಲ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆಂದು ಪ್ರಸಿದ್ಧನಾದ ಅಲ್ಲಮಪ್ರಭು ಸೊನ್ನಲಿಗೆಗೆ ಹೋದಾಗ ಸಿದ್ಧರಾಮ ಕೆರೆ ಕಟ್ಟಿಸುವ ಸತ್ಕಾರ್ಯದಲ್ಲಿ ಮುಳುಗಿದ್ದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಊರಿಗೆ ಊರೇ ಕೊಂಡಾಡುತ್ತಿದ್ದ ಆ ನಾಯಕನನ್ನು ಅಲ್ಲಮ ಹೊಗಳಲಿಲ್ಲ, ಕೆಣಕಿದ. ಸಿದ್ಧರಾಮನ ಮೇಲೆ ಅಲ್ಲಮನಿಗೆ ದ್ವೇಷವಿತ್ತೆಂದು ಯಾರೂ ಹೇಳಲಾರರು. ಸತ್ಯ ಹೇಳಿಸಿಕೊಂಡವನು ಹೇಳಿದವನ ಜೊತೆಯಲ್ಲೇ ಕಲ್ಯಾಣದ ದಾರಿ ಹಿಡಿದ.

ಆದರೂ ನಾಯಕರಿಗೆ ಗೌರವ ಸಲ್ಲಿಸಬಾರದೆಂದು ನಾನು ಹೇಳುತ್ತಿದ್ದೇನೆಂದು ತಾವು ಭಾವಿಸಬಾರದು. ಥೆಸಲೋನಿಯರಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯದಲ್ಲಿ ಸಂತ ಪೌಲರು ತಮ್ಮ ನಡುವೆ ದುಡಿಯುವ ಮೇಲ್ವಿಚಾರಕರನ್ನು ಪ್ರೀತಿಯಿಂದ ಗೌರವಿಸಬೇಕೆಂದು ಕೇಳಿಕೊಳ್ಳುತ್ತಾರೆ. ಅವರ ದುಡಿಮೆಯ ನಿಮಿತ್ತ ಎಂಬ ಕಾರಣವನ್ನೂ ಸೇರಿಸುತ್ತಾರೆ. ಗೌರವಕ್ಕೆ ಕಾರಣ ಪಟ್ಟವಲ್ಲ, ದುಡಿಮೆ ಎಂದಾದ ಮೇಲೆ, ದುಡಿದವರೆಲ್ಲರಿಗೂ ಅದು ಸಲ್ಲಬೇಕಲ್ಲವೇ?

ಪೌಲರ ಮಾತು ಬಂದದ್ದರಿಂದ ಫಿಲಿಪ್ಪಿಯರಿಗೆ ಬರೆದ ಪತ್ರದ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಬಿನ್ನವತ್ತಳೆಯ ಪ್ರಕಾರವನ್ನೇ ತಲೆಕೆಳಗು ಮಾಡಿದ ಆರು ವಾಕ್ಯಗಳು ಅದರ 2ನೆಯ ಅಧ್ಯಾಯದಲ್ಲಿ, 25ರಿಂದ 30ರವರೆಗೆ ಇವೆ. ಪೌಲರು ಸೆರೆಯಲ್ಲಿದ್ದಾರೆ. ಫಿಲಿಪ್ಪಿಯ ಸಭೆ ಅವರಿಗಾಗಿ ಹಣ ಕೂಡಿಸಿ ಎಪಫ್ರೋದೀತನೆಂಬವನ ಕೈಯಲ್ಲಿ ಕಳುಹಿಸಿತು. ಅಂದಿನ ಕಾಲದಲ್ಲಿ ಸೆರೆಯಾಳಿಗೆ ಅನ್ನ-ಬಟ್ಟೆಗಳಿಗೆ ಹೊರಗಿನವರೇ ಗತಿ. ಅವನು ಬಂದ, ನೋಡಿಕೊಂಡ, ಕಾಯಿಲೆ ಬಿದ್ದು ಸಾವಿನಂಚಿಗೆ ಹೋದ, ಬದುಕಿದ; ಊರಿನ ನೆನಪಿನಿಂದ ಹಂಬಲಿಸಿದ. ಈಗ ಅವನನ್ನು ಹಿಂದಕ್ಕೆ ಕಳುಹಿಸುತ್ತ ಪೌಲರೇ ಅವನಿಗಾಗಿ ಒಂದು ಬಿನ್ನವತ್ತಳೆ ಬರೆಯುತ್ತಾರೆ. ಅನುಯಾಯಿಗಳು ನಾಯಕನಿಗೆ ಬರೆಯುವುದು ನಮ್ಮ ರೂಢಿ. ಇಲ್ಲಿ ನಾಯಕ ಸಹಾಯಕನಿಗೆ ಬರೆದಿದ್ದಾನೆ; ಇವನನ್ನು ಸಂತೋಷದಿಂದ ಬರಮಾಡಿಕೊಳ್ಳಿ, ಇಂಥವರನ್ನು ಗೌರವಿಸಿ ಎಂದು ಸಭೆಗೆ ಹೇಳುತ್ತಿದ್ದಾನೆ.

ಅವನಿಗೆ ಪೌಲರು ಕೊಡುವ ಬಿರುದುಗಳು ಐದು: ಸಹೋದರ, ಜೊತೆಗೆಲಸಗಾರ, ಜೊತೆಯೋಧ, ನಿಮ್ಮ ಪ್ರೇಷಿತ, ನನ್ನ ಕೊರತೆಗೆ ಒದಗಿದ ಸೇವಕ. ಕೊನೆಯದಕ್ಕೆ ಗ್ರೀಕಿನಲ್ಲಿರುವ ಪದ 'ಲೈತೂರ್ಗೋಸ್'. ನಾವು ಪೂಜಾವಿಧಿಗೆ ಬಳಸುವ 'ಲಿಟರ್ಜಿ' ಎಂಬ ಪದದ ಬೇರು ಅದೇ. ಅಂದರೆ ದೂರದ ಊರಿಗೆ ಹಣದ ಗಂಟು ಹೊತ್ತು ನಡೆದು ಸೆರೆಯಾಳಿನ ಊಟ-ಬಟ್ಟೆ ನೋಡಿಕೊಂಡ ಕೆಲಸವನ್ನು ಪೌಲರು ದೇವಾರಾಧನೆಯ ಪದದಿಂದಲೇ ಕರೆದರು. ನಮ್ಮ ಸಂಚಿಕೆಗಳು ಗುರುವಿಗೆ ಸೇವೆಯನ್ನೂ ಉಪದೇಶಿಗೆ ಕೆಲಸವನ್ನೂ ಹಂಚಿದ್ದನ್ನು ನೆನೆದುಕೊಳ್ಳಿ. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲೂ ಹೀಗೆಯೇ: ವಿಧವೆಯರಿಗೆ ಊಟ ಬಡಿಸುವುದಕ್ಕೂ ವಾಕ್ಯವನ್ನು ಸಾರುವುದಕ್ಕೂ ಮೂಲದಲ್ಲಿರುವುದು 'ದಿಯಾಕೋನಿಯಾ' ಎಂಬ ಒಂದೇ ಪದ. ಕೆಲಸ ಎರಡಾಯಿತು, ಪದ ಒಡೆಯಲಿಲ್ಲ.

ಇನ್ನೂ ಒಂದು ಪದ. ಎಪಫ್ರೋದೀತ ಪ್ರಾಣವನ್ನು ಲೆಕ್ಕಿಸಲಿಲ್ಲ ಎನ್ನುವಲ್ಲಿ ಪೌಲರು ಬಳಸಿರುವ ಕ್ರಿಯಾಪದಕ್ಕೆ ಪಣಕ್ಕೊಡ್ಡುವುದೆಂಬ ಅರ್ಥಛಾಯೆಯಿದೆ. ಪ್ರಾಣವನ್ನು ದಾಳದಂತೆ ಎಸೆದುಬಿಟ್ಟ. ಮುಂದೆ ಅಲೆಕ್ಸಾಂಡ್ರಿಯದಲ್ಲಿ ರೋಗಿಗಳ ಶುಶ್ರೂಷೆಗೆ ನಿಂತವರನ್ನು ಇದೇ ಬೇರಿನ ಪದದಿಂದ 'ಪರಬೊಲಾನಿ' ಎಂದು ಕರೆದರು. ಆ ಗುಂಪು ಬರಬರುತ್ತ ಧರ್ಮಾಧ್ಯಕ್ಷರ ಬೆಂಬಲಕ್ಕೆ ಬೀದಿಗಿಳಿಯುವ ಬಲವಾಗಿ, ಐದನೆಯ ಶತಮಾನದಲ್ಲಿ ಚಕ್ರವರ್ತಿಯೇ ಅವರ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ನಾಯಕರನ್ನು ಬೆಂಬಲಿಸುವ ಉತ್ಸಾಹ ರೋಗಿಯ ಹಾಸಿಗೆಯಿಂದ ಬೀದಿಯ ಜಗಳಕ್ಕೆ ಜಾರಲು ಬಹಳ ಕಾಲ ಬೇಡ. ನಮ್ಮಲ್ಲಿ ಭಾಷೆಯ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ 'ನಮ್ಮ ಸ್ವಾಮಿ', 'ಅವರ ಸ್ವಾಮಿ' ಎಂದು ಕಟ್ಟಿಕೊಂಡ ಬಣಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಪತ್ರದ 4ನೆಯ ಅಧ್ಯಾಯ ಲೆಕ್ಕಪತ್ರದ ಭಾಷೆಯದು. ಕೊಡುವ-ಕೊಳ್ಳುವ ಲೆಕ್ಕ ಎಂಬುದು ಅಂದಿನ ವ್ಯಾಪಾರಿಗಳ ಮಾತು. ತಾವು ಕಳುಹಿಸಿದ್ದೆಲ್ಲ ತಲುಪಿದೆ ಎನ್ನಲು ಬಳಸಿದ ಪದ, ಈಜಿಪ್ಟಿನಲ್ಲಿ ಸಿಕ್ಕ ಹಳೆಯ ರಸೀದಿಗಳ ಮೇಲಿರುವ ಪದವೇ. ಪ್ರೇಷಿತರು ರಸೀದಿ ಬರೆದುಕೊಟ್ಟರು! ಕಾಣಿಕೆಯ ಲೆಕ್ಕ ಕೇಳಿದರೆ ಗುರುವಿಗೆ ಅವಮಾನವೆಂದು ಭಾವಿಸುವ ಭಕ್ತರೂ ಇದ್ದಾರೆ, ಹಾಗೆ ಭಾವಿಸುವ ಗುರುಗಳೂ ಇದ್ದೇವೆ. 1983ರ ಧರ್ಮಸಭೆಯ ಕಾನೂನು ಸಂಹಿತೆ ಈ ಸಂಕೋಚವನ್ನು ಇಟ್ಟುಕೊಂಡಿಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆನ್ನುತ್ತದೆ 537ನೆಯ ವಿಧಿ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆನ್ನುತ್ತದೆ 1287ನೆಯದು. ತಿಳಿವಳಿಕೆಯುಳ್ಳ ಭಕ್ತರಿಗೆ ಧರ್ಮಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕು ಮಾತ್ರವಲ್ಲ, ಕೆಲವೊಮ್ಮೆ ಕರ್ತವ್ಯವೂ ಇದೆಯೆನ್ನುತ್ತದೆ 212ನೆಯದು. ಗೌರವದಿಂದ ಹೇಳಬೇಕೆಂಬ ಷರತ್ತು ಇದೆ. ಇತ್ರೋಗೆ ಸ್ಥಾನ ಕಾನೂನಿನಲ್ಲೂ ಉಂಟು.

ಭದ್ರಾವತಿಯ ಕಡೆಯ ಒಂದು ಧರ್ಮಕೇಂದ್ರದಲ್ಲಿ ನಾನಿದ್ದಾಗ ಕಾರ್ಖಾನೆಯ ನೌಕರರೊಬ್ಬರು ಲೆಕ್ಕಪುಸ್ತಕ ಬರೆಯುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಭಾನುವಾರ ನೇರ ದೇವಾಲಯಕ್ಕೆ ಬಂದು, ಪೂಜೆಯಾದ ಮೇಲೆ ನಿದ್ದೆಗಣ್ಣಿನಲ್ಲೇ ಕಾಣಿಕೆ ಎಣಿಸಿ ಬರೆದಿಟ್ಟು ಮನೆಗೆ ಹೋಗುವರು. ಒಮ್ಮೆ ನಾನು ಚೀಟಿಯಿಲ್ಲದೆ ಮಾಡಿದ ಖರ್ಚೊಂದನ್ನು ಪುಸ್ತಕಕ್ಕೆ ಸೇರಿಸಲು ಒಪ್ಪಲಿಲ್ಲ. 'ಫಾದರ್, ನೀವು ಮುಂದಿನ ವರ್ಷ ಇನ್ನೊಂದು ಊರಿಗೆ ಹೋಗ್ತೀರಿ. ಈ ಪುಸ್ತಕ ಇಲ್ಲೇ ಇರ್ತದೆ' ಎಂದರು. ಆ ದಿನ ನನಗೆ ಸಿಟ್ಟು ಬಂದಿತ್ತು. ಬಿನ್ನವತ್ತಳೆ ಓದಿದವರು ಯಾರೆಂಬುದು ಇಂದು ನನಗೆ ನೆನಪಿಲ್ಲ. ಅವರ ಮುಖ ನೆನಪಿದೆ. ಕಾಗದದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತ ಮೇಲೆ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಅವರೊಡನೆ ಎಷ್ಟು ಧರ್ಮಕೇಂದ್ರಗಳ ಎಷ್ಟು ಬೆನ್ನೆಲುಬುಗಳು ಹೋದವೆಂದು ಯಾವ ಸಂಚಿಕೆಯೂ ಬರೆದಿಟ್ಟಿಲ್ಲ.

ಇಷ್ಟೆಲ್ಲ ವಿಮರ್ಶೆ ಮಾಡಿದ ಮೇಲೆ ನನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಬರಹಕ್ಕೆ ಅರ್ಹತೆಯಿಲ್ಲ. ನಾನು ಓದಿದ ಸಂಚಿಕೆಗಳಲ್ಲಿ ಒಂದರ ಸಂಪಾದಕ ನಾನೇ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಗುರುದೀಕ್ಷೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹಳ್ಳಿಗಾಡಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಸುವರ್ಣ ಮಹೋತ್ಸವಕ್ಕೆ ಸಂಚಿಕೆ ತರುವ ಹೊಣೆ ನನ್ನ ಮೇಲೆ ಬಿತ್ತು. ಹಳೆಯ ದಾಖಲೆಗಳು ಗೆದ್ದಲು ಹಿಡಿದಿದ್ದವು. ಆಗ ನನಗೆ ನೆರವಾದವರು ಅಲ್ಲಿನ ವೃದ್ಧ ಉಪದೇಶಿ. ಮೂವತ್ತಕ್ಕೂ ಹೆಚ್ಚು ವರ್ಷ ಸೈಕಲ್ಲಿನ ಮೇಲೆ ಸುತ್ತಲ ಹಳ್ಳಿಗಳನ್ನು ಸುತ್ತಿದವರು. ಸಂಜೆ ಹೊತ್ತು ಗುರುನಿವಾಸದ ಜಗಲಿಯಲ್ಲಿ ಕುಳಿತು, ಯಾವ ಸ್ವಾಮಿ ಯಾವ ವರ್ಷ ಬಂದರು, ಯಾರ ಕಾಲದಲ್ಲಿ ಹೆಂಚು ಹೊದಿಸಿದರು, ಯಾವ ಮಳೆಗಾಲದಲ್ಲಿ ಗೋಡೆ ಕುಸಿಯಿತು, ಗಂಟೆ ಎಲ್ಲಿಂದ ಬಂತು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಕಂಡುಬಂದ ಸಂದೇಹಗಳಿಗೆ ಮಾರನೆಯ ದಿನ ಬಂದು ತಿದ್ದುಪಡಿ ಕೊಟ್ಟರು. ಸಂಚಿಕೆಯ ಇತಿಹಾಸದ ಅಷ್ಟೂ ಪುಟಗಳು ಅವರ ಬಾಯಿಂದ ಬಂದವು.

ಗುರುಗಳ ಪಟ್ಟಿ ಅಚ್ಚಾಯಿತು. ಸಹಾಯಕ ಗುರುವಾದ ನನ್ನ ಹೆಸರೂ ಸೇರಿತು. ಆಗ ನಾನು ಅಲ್ಲಿ ಇದ್ದದ್ದು ಹದಿನಾಲ್ಕು ತಿಂಗಳು. ಸಂಪಾದಕೀಯದಲ್ಲಿ ಮುದ್ರಕರಿಗೆ, ಛಾಯಾಗ್ರಾಹಕರಿಗೆ, ಜಾಹೀರಾತು ನೀಡಿದವರಿಗೆ ಕೃತಜ್ಞತೆ ಹೇಳಿದೆ. ಉಪದೇಶಿಗಳ ಹೆಸರು ಎಲ್ಲಿಯೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಅದೇ ಹೆಚ್ಚು ನೋಯುವ ಸಂಗತಿ, ನೆನಪಾಗಲೇ ಇಲ್ಲ.

ಬಿಡುಗಡೆಯ ಮರುದಿನ ಅವರು ಸಂಚಿಕೆ ಹಿಡಿದು ಜಗಲಿಗೆ ಬಂದರು. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತುಗಳನ್ನೂ ಬಿಡದೆ, ನಿಂತೇ ನೋಡಿದರು. ಮುಚ್ಚಿ ಮೇಜಿನ ಮೇಲಿಟ್ಟು, 'ಚೆನ್ನಾಗಿ ಬಂದಿದೆ ಸ್ವಾಮಿ. ಅಕ್ಷರದ ತಪ್ಪು ಎರಡೇ ಇವೆ' ಎಂದು ಆ ಎರಡನ್ನೂ ಬೆರಳಿಟ್ಟು ತೋರಿಸಿದರು. ಅಂದು ಸಂಜೆಯ ಜಪಸರಕ್ಕೆ ಎಂದಿನಂತೆ ಗಂಟೆ ಹೊಡೆದರು.

ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಆ ಜಗಲಿ ನೆನಪಾಗುತ್ತದೆ. ಆ ಅಧ್ಯಾಯ ಹೆಸರುಗಳ ಹೆದ್ದಾರಿ. ಕೆಂಖ್ರೆಯ ಸಭೆಯ ಸೇವಕಿ ಫೆಬೆ, ಪೌಲರಿಗಾಗಿ ತಲೆ ಕೊಡಲು ಸಿದ್ಧರಾಗಿದ್ದ ಪ್ರಿಸ್ಕ-ಅಕ್ವಿಲ ದಂಪತಿ, ಬಹಳವಾಗಿ ದುಡಿದ ಮರಿಯ, ರೂಫನ ತಾಯಿ. ಪ್ರಬೋಧನೆಗೆ ಏನೂ ಸಿಗದ ಅಧ್ಯಾಯವೆಂದು ನಾವು ದಾಟಿಹೋಗುತ್ತೇವೆ. ಅದರ ನಡುವೆ, 22ನೆಯ ವಾಕ್ಯದಲ್ಲಿ, ಪೌಲರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯನೆಂಬವನು ತಾನೇ ತಲೆಯೆತ್ತಿ, ಈ ಪತ್ರವನ್ನು ಬರೆದ ನಾನೂ ನಿಮಗೆ ವಂದಿಸುತ್ತೇನೆಂದು ತನ್ನ ಹೆಸರನ್ನು ಸೇರಿಸಿದ್ದಾನೆ. ಪೌಲರು ಅದನ್ನು ಹೊಡೆದುಹಾಕಲಿಲ್ಲ. ನಮ್ಮ ಉಪದೇಶಿಗಳಿಗೆ ತೆರ್ತ್ಯನ ಸಲಿಗೆ ಇರಲಿಲ್ಲ. ಆ ಸಲಿಗೆಯನ್ನು ನಾನು ಕೊಟ್ಟಿರಲಿಲ್ಲವೆಂಬುದು ಸತ್ಯಕ್ಕೆ ಹತ್ತಿರದ ಮಾತು.

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರಿನಲ್ಲಿ ಹೊರಡಿಸಿದ ಧರ್ಮಪ್ರಸಾರ ಕುರಿತ ದಾಖಲೆಯಲ್ಲೇ ಉಪದೇಶಿಗಳಿಗೆ ಯೋಗ್ಯವಾದ ಜೀವನ, ಸಾಮಾಜಿಕ ಭದ್ರತೆ ದೊರೆಯಬೇಕೆಂದು ಹೇಳಿತ್ತು. ಪೋಪ್ ಫ್ರಾನ್ಸಿಸ್ ಅವರು 2021ರ ಮೇ 10ರಂದು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ವಿಧಿವತ್ತಾದ ಸೇವಾಪಟ್ಟವನ್ನಾಗಿ ಸ್ಥಾಪಿಸಿದರು. ಪಟ್ಟವೇನೋ ಬಂತು. ಮುಪ್ಪಿನಲ್ಲಿ ಔಷಧದ ಖರ್ಚಿಗೆ ಅವರು ಯಾರ ಮುಖ ನೋಡಬೇಕೆಂಬ ಪ್ರಶ್ನೆಗೆ 1965ರ ಉತ್ತರವೇ ಇನ್ನೂ ಹಲವು ಕಡೆ ಜಾರಿಗೆ ಬರಬೇಕಾಗಿದೆ. ಮುಂದಿನ ಜುಬಿಲಿಗೆ ದೇವಾಲಯದ ಮುಂಭಾಗಕ್ಕೆ ಗ್ರಾನೈಟ್ ಹಾಕಿಸುವ ಮೊದಲು ಪಾಲನಾ ಸಮಿತಿಗಳು ಈ ಬಾಬನ್ನು ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಗುರುಗಳಾದ ನಮಗೂ ಆಸರೆ ಬೇಕು ಓದುಗರೇ, ಇದನ್ನು ಮರೆಮಾಚುವುದಿಲ್ಲ. ಹೊಗಳಿ ಮನೆಗೆ ಹೋದವರ ಹಿಂದೆ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತಾಗ ಗುರುನಿವಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಒಂದು ರಾತ್ರಿ ಜ್ವರ ನೆತ್ತಿಗೇರಿದಾಗ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿ, ಬೀಳದಂತೆ ಪಂಚೆಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದವನು, ಪಾಲನಾ ಸಮಿತಿಯ ಸಭೆಗಳಲ್ಲಿ ನನ್ನ ಪ್ರತಿಯೊಂದು ಮಾತಿಗೂ ಅಡ್ಡ ಮಾತನಾಡುತ್ತಿದ್ದ ಮನುಷ್ಯ.

ಕಳೆದ ವರ್ಷ ಒಬ್ಬರ ದೀಕ್ಷಾಸ್ನಾನದ ಪ್ರಮಾಣಪತ್ರ ಹುಡುಕಿಕೊಂಡು ಆ ಹಳ್ಳಿಗಾಡಿನ ಧರ್ಮಕೇಂದ್ರಕ್ಕೆ ಹೋಗಬೇಕಾಯಿತು. ಉಪದೇಶಿಗಳು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೆ ಊರಿನ ಗುರುತು ಹತ್ತುತ್ತದೆ, ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ದಾಖಲೆ ಪುಸ್ತಕ ತೆರೆದೆ. ದಿನಾಂಕ, ಮಗುವಿನ ಹೆಸರು, ತಂದೆ, ತಾಯಿ, ಜ್ಞಾನ ತಂದೆ-ತಾಯಿ, ಗುರುವಿನ ಸಹಿ ಎಂಬ ಅಂಕಣಗಳು. ಜ್ಞಾನ ತಂದೆಯ ಅಂಕಣದಲ್ಲಿ ಅವರ ಹೆಸರಿತ್ತು. ಪುಟ ತಿರುವಿದೆ, ಅಲ್ಲೂ ಇತ್ತು. ದೂರದಿಂದ ದುಡಿಯಲು ಬಂದು ಬಂಧುಬಳಗ ಇಲ್ಲದಿದ್ದವರ ಮಕ್ಕಳಿಗೆಲ್ಲ ಅವರೇ ನಿಂತಿದ್ದರು. ಮದುವೆಯ ಪುಸ್ತಕದಲ್ಲಿ ಸಾಕ್ಷಿಯ ಜಾಗದಲ್ಲೂ ಅದೇ ಸಹಿ. ಗುರುಗಳ ಸಹಿ ಬದಲಾಗುತ್ತ ಹೋಗಿತ್ತು. ಅದರ ಮೇಲಿನ ಬರಹ ಮಾತ್ರ ವರ್ಷಗಟ್ಟಲೆ ಒಂದೇ ಕೈಯದು, ಬಲಕ್ಕೆ ತುಸು ವಾಲಿದ, ಒತ್ತಕ್ಷರಗಳನ್ನು ಉದ್ದಕ್ಕೆ ಎಳೆಯುವ ಕೈ.

ಕಚೇರಿಯ ಕಪಾಟಿನಲ್ಲಿ ನನ್ನ ಸಂಪಾದಕತ್ವದ ಸಂಚಿಕೆಯ ಒಂದು ಪ್ರತಿ ಉಳಿದಿತ್ತು. ಅಲ್ಲಿನ ಗುರುಗಳ ಅನುಮತಿ ಕೇಳಿ ಪೆನ್ನು ತೆಗೆದುಕೊಂಡೆ. ಸೇವೆ ಸಲ್ಲಿಸಿದವರ ಪಟ್ಟಿಯಲ್ಲಿ, ನನ್ನ ಹೆಸರಿಗಿಂತ ಮೇಲೆ ಸಿಕ್ಕ ಸ್ವಲ್ಪ ಜಾಗದಲ್ಲಿ, ಅವರ ಹೆಸರನ್ನೂ ವರ್ಷಗಳನ್ನೂ ಬರೆದೆ. ಆಮೇಲೆ ಆ ಎರಡು ಅಕ್ಷರದ ತಪ್ಪುಗಳನ್ನು ಹುಡುಕಿ ತಿದ್ದಿದೆ.